ಹೊಳೆಸಾಲು ವಿಭಾಗ

ಸೋತದ್ದಕ್ಕೆ ಜಟ್ಟನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸೋತದ್ದು ತನ್ನ ಕಾಲು. ಎರಡು ಸಾವಿರದ ಒಂದನೇ ಇಸವಿ, ಜುಲೈ ತಿಂಗಳ ಕೊನೆ, ಭಟ್ಕಳದಲ್ಲಿ ಆ ವರ್ಷದ ಕೊನೆಯ ಆಟ. ಜಡಿಮಳೆ. ಚೆಂಡು ಅವನ ಪಾದಕ್ಕೇ ಬಂದು ಬಿದ್ದಿತ್ತು. ಎದುರಿಗೆ ಯಾರೂ ಇರಲಿಲ್ಲ. ಒದ್ದ. ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅವನು ತಲೆ ಮೇಲೆ ಕೈಯಿಟ್ಟು ನಿಲ್ಲುವಷ್ಟರಲ್ಲಿ ಎದುರಿನವರು ಓಡಿ ಹೋಗಿ ಒಂದು ಗೋಲು ಹೊಡೆದರು. ಮೊದಲ ದರ್ಜೆಯ ಹತ್ತು ತಂಡಗಳಲ್ಲಿ ಮಾವಿನಕುರ್ವೆಯ ಅಳಿವೆ ಯುವಕ ಸಂಘ ಹತ್ತನೆಯದಾಯಿತು. ಕೊನೆಯ ಎರಡು ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಅದು ನಿಯಮ.

"ಹೋಗ್ಲಿ ಮಾರಾಯ, ಇಳದವ ಹತ್ತೂಕೆ ಆಗ ಅಂತ ಯಾರು ಬರದಿಟ್ಟಾರೆ?" ಎಂದ ವಿಶಾಲ. ಅವನು ಗೋಲು ಕಾಯುವವ. ತಂಡದಲ್ಲಿ ಪಿಯುಸಿ ಮೆಟ್ಟಿಲು ಹತ್ತಿದವನು ಅವನೊಬ್ಬನೇ.

"ಹತ್ತುವ. ಬರೂ ಮಳಿಗಾಲಕ್ಕೆ ಹತ್ತುವ" ಎಂದ ಜಟ್ಟ.

ಮಳೆಗಾಲಕ್ಕೆ ಎಂದು ಅವನು ಸುಮ್ಮನೆ ಹೇಳಿದ್ದಲ್ಲ. ಕಡಲ ಬದಿಯ ಫುಟ್‌ಬಾಲು ಮಳೆಗಾಲದ ಆಟ. ಜೂನ್ ಬಂತೆಂದರೆ ಬೋಟುಗಳು ದಡ ಹತ್ತುತ್ತವೆ. ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡುವ ತನಕ ಗಂಡಸರಿಗೆ ಬಲೆ ಹೊಲಿಯುವುದು ಬಿಟ್ಟರೆ ಹೆಂಗಸರಿಂದ ಬೈಸಿಕೊಳ್ಳುವುದೇ ಕೆಲಸ. ಆ ಎರಡು ತಿಂಗಳು ಅವರ ಮೈ ಅವರದು. ಉಳಿದ ಹತ್ತು ತಿಂಗಳು ಬೋಟಿನದು. ಜಟ್ಟ ಹನ್ನೊಂದನೇ ವರ್ಷಕ್ಕೆ ಬೋಟು ಹತ್ತಿದವ. ಬಲೆಯ ಹಗ್ಗ ಎಳೆದೆಳೆದು ಅವನ ಬಲಭುಜ ಎಡಭುಜಕ್ಕಿಂತ ಎತ್ತರವಾಗಿತ್ತು. ಅಂಗೈಯಲ್ಲಿ ಗೆರೆ ಇರಲಿಲ್ಲ. ಉಪ್ಪುನೀರಿಗೆ ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು. ಆ ಪಾದಕ್ಕೆ ಬೂಟು ಹಿಡಿಸುತ್ತಿರಲಿಲ್ಲ. ಮೀನು ಒಣಗಿಸುವ ಮರಳಿನ ಮೇಲೆ ಆಡಿ ಕಲಿತವರಿಗೆ ಬೂಟಿನ ಗರಜೂ ಇರಲಿಲ್ಲ. ಬರಿಗಾಲಲ್ಲೇ ಆಡಿ ಅವರು ಮೊದಲ ದರ್ಜೆಗೆ ಹೋದರು. ಬರಿಗಾಲಲ್ಲೇ ಮೂರು ವರ್ಷ ಅಲ್ಲಿ ನಿಂತರು.

ಆಡಿಸಿ ಕಲಿಸಿದವರು ವಿಶ್ವನಾಥ ಮಾಸ್ತರರು. ಕರ್ಕಿಯವರು. ಹೊಳೆ ನಡುವಿನ ಈ ಕುರ್ವೆಯ ಶಾಲೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಸಂಘ ಕಟ್ಟಿದ್ದು ಅವರು. ಕುಮಟೆಯ ಫುಟ್‌ಬಾಲ್ ಮಂಡಳಿಯಲ್ಲಿ ಹೆಸರು ಹಚ್ಚಿಸಿದ್ದು ಅವರು. ಕಪ್ತಾನನಾದವನು ಹೆಬ್ಬೆಟ್ಟು ಒತ್ತಬಾರದೆಂದು ಜಟ್ಟನನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ, ಕೈ ಹಿಡಿದು ಹೆಸರು ತಿದ್ದಿಸಿದ್ದೂ ಅವರೇ. 'ಜ' ಸಲೀಸಾಗಿ ಬಂತು. 'ಟ್ಟ' ಮಾತ್ರ ಹದಿನೈದು ದಿನ ಕಾಡಿತು.

ಎಲ್ಲಕ್ಕಿಂತ ದೊಡ್ಡದು, ಅವರು ಕುರ್ವೆಯ ಮನೆಗಳಲ್ಲಿ ಚಾ ಕುಡಿಯುತ್ತಿದ್ದರು. ಮೊದಲಿನ ಮಾಸ್ತರರೆಲ್ಲ ನೀರು ಕೂಡ ಮನೆಯಿಂದ ಬಾಟಲಿಯಲ್ಲಿ ತಂದವರು. ಇವರು ಕುಡಿದ ಒಂದು ಲೋಟ ಚಾಕ್ಕೆ ಇಡೀ ಕುರ್ವೆ ಅವರ ಮಾತನ್ನು ತಲೆ ಮೇಲೆ ಇಟ್ಟುಕೊಂಡಿತು. ಜಟ್ಟನ ಅವ್ವ ದುರ್ಗಮ್ಮ ಒಬ್ಬಳೇ ಆಗಾಗ ಗೊಣಗುತ್ತಿದ್ದಳು. "ಚಾ ಕುಡದ್ರೆ ನಮ್ಮವ ಆಗೂದಾ? ನಾ ಹೊನ್ನಾವರ ಪ್ಯಾಟಿಯಲ್ಲಿ ದಿನಾ ಮೀನ್ ಮಾರ್ತೆ. ಭಟ್ರ ಕೇರಿ ಬೆಕ್ಕೂ ನನ್ನ ಮೀನು ತಿಂತದೆ. ಅದು ನಮ್ಮ ಬೆಕ್ಕಾ?"

ಜನ ನಗುತ್ತಿದ್ದರು. ಮುದುಕಿಯ ಬಾಯಿಗೆ ಬೀಗವಿಲ್ಲ ಎನ್ನುತ್ತಿದ್ದರು.

ನೂಲಹುಣ್ಣಿಮೆಯ ಹಿಂದಿನ ದಿನ ಮಾಸ್ತರರು ದೋಣಿಯಲ್ಲಿ ಹೊಳೆ ದಾಟಿ ಬಂದರು. ಅಂಗಿಯ ಒಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಂದು ಹಾಳೆ. ಜಟ್ಟನ ಜಗಲಿಯಲ್ಲಿ ತಂಡದವರೆಲ್ಲ ಸೇರಿದರು. ದುರ್ಗಮ್ಮ ಚಾ ಕೊಟ್ಟಳು. ಅವರು ಕುಡಿದರು.

"ಕೆಳಗಿನ ದರ್ಜೆಯಲ್ಲಿ ಎರಡು ವಿಭಾಗ ಅದೆ. ಇಳದ ತಂಡವನ್ನ ಅದರಲ್ಲಿ ಒಂದಕ್ಕೆ ಸೇರಸ್ತಾರೆ. ಒಂದು ಹೆದ್ದಾರಿ ವಿಭಾಗ. ಇನ್ನೊಂದು ಹೊಳೆಸಾಲು ವಿಭಾಗ. ನಿಮ್ಮದು ಹೊಳೆಸಾಲು ಅಂತ ಬರದ್ದೆ. ಆತಾ?"

"ಆತಲ್ರಾ" ಎಂದ ಜಟ್ಟ. ಕೇಳುವುದಕ್ಕೆ ಏನಿತ್ತು? ಕುರ್ವೆಯಲ್ಲಿ ಎರಡೇ ಕೇರಿ. ಕಡಲ ಬಾಯಿಗೆ ಇದ್ದದ್ದು ಅಳಿವೆ ಕೇರಿ, ಸಂಘದ ಹೆಸರು ಅದರದು. ಶರಾವತಿಯ ಬದಿಗೆ ಇದ್ದದ್ದು ಹೊಳೆಸಾಲು ಕೇರಿ. ಜಟ್ಟ ಹುಟ್ಟಿದ್ದು, ಅವನ ಅಪ್ಪ ಸತ್ತದ್ದು, ಅವರೆಲ್ಲ ಈಗ ಕುಂಡೆಯೂರಿ ಕೂತದ್ದು ಹೊಳೆಸಾಲು ಕೇರಿಯಲ್ಲಿ. ಹೆದ್ದಾರಿ ಅವರ ಊರಲ್ಲಿ ಎಲ್ಲಿತ್ತು? ಬೈಸಿಕಲ್ಲು ಓಡಿಸುವುದಕ್ಕೇ ಸರಿಯಾದ ರಸ್ತೆ ಇರಲಿಲ್ಲ.

"ನಮ್ಮ ಕೇರಿ ಹೆಸರೇ ಇಟ್ಟಾರಲ್ರೋ" ಎಂದು ಸೋಮ ಚಪ್ಪಾಳೆ ತಟ್ಟಿದ. ಸೋಮ ಮುಂದೆ ಆಡುವ ಆಟಗಾರ, ಜಟ್ಟನ ಬೋಟಿನವನೇ.

ಮಾಸ್ತರರೂ ನಕ್ಕರು. ಪೆನ್ನು ಕೊಟ್ಟರು. ಜಟ್ಟ ನಾಲಿಗೆ ಕಚ್ಚಿಕೊಂಡು ರುಜು ಹಾಕಿದ. ಈ ಸಲ 'ಟ್ಟ' ಚೆನ್ನಾಗಿ ಬಂತೆಂದು ಖುಷಿಪಟ್ಟ.

ನವೆಂಬರಿನಲ್ಲಿ ಆಟದ ಪಟ್ಟಿ ಬಂತು. ಅಂಚೆಯವನು ಅದನ್ನು ದೋಣಿಯವನ ಕೈಗೆ, ದೋಣಿಯವನು ವಿಶಾಲನ ಕೈಗೆ ಕೊಟ್ಟ. ಬೋಟು ಬಂದು ಮೀನು ಇಳಿಸುವ ಹೊತ್ತು. ಜಟ್ಟ ಸೊಂಟದ ಮಟ್ಟ ನೀರಲ್ಲಿ ನಿಂತು ಬುಟ್ಟಿ ಹೊರುತ್ತಿದ್ದ. ವಿಶಾಲ ದಡದಲ್ಲಿ ನಿಂತು ಓದಿದ. ಒಮ್ಮೆ ಓದಿ, ಮತ್ತೊಮ್ಮೆ ಓದಿದ.

"ಜಟ್ಟಣ್ಣ, ಇದೆಂತದಾ? ಗೇರುಸೊಪ್ಪೆ ಅದೆ. ಸಿದ್ದಾಪುರ ಅದೆ. ಶಿರಸಿ ಬದಿಯ ಊರು ಮೂರು ಅದೆ. ಎಲ್ಲ ಘಟ್ಟದ ಬುಡದ್ದು, ಇಲ್ಲ ಘಟ್ಟದ ಮ್ಯಾಲಿಂದು. ಕುಮಟೆ ಇಲ್ಲ. ಭಟ್ಕಳ ಇಲ್ಲ. ಹೊನ್ನಾವರವೇ ಇಲ್ಲ."

"ಬ್ಯಾರೆ ಯಾರದೋ ಪಟ್ಟಿ ಬಂದದೆ."

"ನಮ್ಮ ಹೆಸರೇ ಮೊದಲು ಅದೆ. ಹೊಳೆಸಾಲು ವಿಭಾಗ. ಡಿಸೆಂಬರಿಂದ ಫೆಬ್ರವರಿ ತನಕ, ಪ್ರತಿ ಐತವಾರ."

ಬುಟ್ಟಿ ಜಟ್ಟನ ತಲೆ ಮೇಲೇ ಇತ್ತು. ಮೀನಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಅವನಿಗೆ ಆಗ ಅರ್ಥವಾಯಿತು. ದಡದಾಚೆಯವರ ಬಾಯಲ್ಲಿ ಹೊಳೆಸಾಲೆಂದರೆ ಹೊಳೆಗುಂಟ ಮೇಲೆ ಮೇಲೆ ಹೋದರೆ ಸಿಗುವ ಊರುಗಳು. ಹೆದ್ದಾರಿಯೆಂದರೆ ಕಡಲ ಬದಿಯ ಪೇಟೆಗಳು. ಕುರ್ವೆಯವರು ಅವರನ್ನು 'ಮ್ಯಾಲಿನವರು' ಎನ್ನುತ್ತಿದ್ದರು. ಆ ಮ್ಯಾಲಿನವರ ಮೈದಾನ ಮಳೆಗಾಲದಲ್ಲಿ ಕೆಸರಿನ ಹೊಂಡ. ಅದಕ್ಕೇ ಅವರದು ಚಳಿಗಾಲದ ಆಟ. ಚಳಿಗಾಲ ಕಡಲಿನವರಿಗೆ ಸುಗ್ಗಿ. ಬೋಟು ಹೊರಟ ದಿನ ಬಾರದವನ ಜಾಗದಲ್ಲಿ ಮರುದಿನ ಇನ್ನೊಬ್ಬ ನಿಂತಿರುತ್ತಾನೆ. ಆಡಿದರೆ ಬೋಟು ಹೋಯಿತು. ಬೋಟು ಹತ್ತಿದರೆ ಆಟ ಹೋಯಿತು. ಮೂರು ಆಟಕ್ಕೆ ತಂಡ ಬಾರದಿದ್ದರೆ ಸಂಘದ ಹೆಸರನ್ನೇ ಮಂಡಳಿ ಅಳಿಸುತ್ತದೆ.

"ಮಾಸ್ತರಿಗೆ ಗೊತ್ತಿರೂದಿಲ್ಲ. ಗೊತ್ತಾದ್ರೆ ಸರಿ ಮಾಡಸ್ತಾರೆ" ಎಂದ ಜಟ್ಟ.

ಮಾಸ್ತರರು ಆ ವಾರ ಶಾಲೆಗೆ ರಜೆ ಹಾಕಿದ್ದರು. ಮುಂದಿನ ವಾರವೂ.

ಡಿಸೆಂಬರಿನ ಮೊದಲ ಆಟಕ್ಕೆ ಎಂಟು ಜನ ಹೊರಟರು. ಉಳಿದವರು ಕಡಲಲ್ಲಿದ್ದರು. ತಾಂಡೇಲ ಚೌಡ, ಬೋಟು ನಡೆಸುವವನು, ಜಟ್ಟನ ಮುಖ ನೋಡದೆಯೇ ಹೇಳಿದ: "ಹೋಗಾ. ಆದ್ರೆ ತಿರುಗಿ ಬಂದಾಗ ನಿನ್ನ ಜಾಗ ಇಲ್ದಿದ್ರೆ ನನ್ನ ಬೈಬೇಡ." ಶನಿವಾರ ಮಧ್ಯಾಹ್ನ ದೋಣಿ ದಾಟಿ, ಹೊನ್ನಾವರದಲ್ಲಿ ಬಸ್ಸು ಹಿಡಿದು, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿದರು. ಕಡಲಲ್ಲಿ ಎಂಥ ಅಲೆಗೂ ಹೆದರದ ಕುಪ್ಪ ಘಟ್ಟದ ತಿರುವಿಗೆ ನಾಲ್ಕು ಸಲ ವಾಂತಿ ಮಾಡಿಕೊಂಡ. ಇದ್ದ ನಗೆ ಅಷ್ಟೇ. ಮೇಲೆ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕಂಬಳಿ ತಂದವರು ಯಾರೂ ಇಲ್ಲ.

ಮರುದಿನ ಹನ್ನೊಂದು ಜನರ ಎದುರು ಎಂಟು ಜನ ಆಡಿದರು. ನೆಲದಲ್ಲಿ ಕಲ್ಲು. ಬರಿಗಾಲು ಒಡೆದು ರಕ್ತ ಬಂತು. ಆರು ಗೋಲಿನಿಂದ ಸೋತರು. ಅದೂ ದೊಡ್ಡದಲ್ಲ.

ಆಟ ಮುಗಿದ ಮೇಲೆ ಮನೆತಂಡ ಬಂದವರಿಗೆ ಊಟ ಹಾಕುವುದು ವಾಡಿಕೆ. ಒಬ್ಬ ದೊಡ್ಡ ಹಿಡುವಳಿದಾರನ ಮನೆಯಲ್ಲಿ ಊಟ. ಮನೆತಂಡದವರು ಜಗಲಿಯ ಮೇಲೆ ಕೂತರು. ಕುರ್ವೆಯವರಿಗೆ ಅಂಗಳದ ಆಚೆ, ಕೊಟ್ಟಿಗೆಯ ಪಕ್ಕದಲ್ಲಿ ಬಾಳೆಲೆ ಹಾಕಿದರು. ಹಸಿದವರು. ತಲೆ ತಗ್ಗಿಸಿ ಉಂಡರು. ಉಂಡು ಏಳುವಾಗ ಮನೆಯ ಮುದುಕ ಜಗಲಿಯ ಕಟ್ಟೆಯಿಂದ ಕೂಗಿದ: "ನಿಮ್ಮ ನಿಮ್ಮ ಎಲೆ ನೀವೇ ತೆಗೀರಾ. ಸಗಣಿ ಅಲ್ಲೇ ಇಟ್ಟಿದ್ದು. ಸಾರ್ಸಿ ಹೋಗಿ."

ಜಗಲಿಯ ಮೇಲಿನವರ ಎಲೆಗಳನ್ನು ಮನೆಯವರು ತೆಗೆಯುತ್ತಿದ್ದರು.

ಸೋಮ ಮುಷ್ಟಿ ಕಟ್ಟಿದ. ಕುಪ್ಪ ಜಟ್ಟನ ಮುಖ ನೋಡಿದ. ಸಂಜೆಯ ಬಸ್ಸು ತಪ್ಪಿದರೆ ನಾಳೆ ಬೋಟು ಇಲ್ಲ. ಜಟ್ಟ ಬಗ್ಗಿದ. ಎಂಟೂ ಎಲೆ ತೆಗೆದ. ಮಂಡಿಯೂರಿ ಎಂಟು ಜನ ಕೂತ ಜಾಗವನ್ನು ಸಗಣಿಯಲ್ಲಿ ಸಾರಿಸಿದ. ತಂಡದ ಕಪ್ತಾನ ಅವನು. ಮೊದಲ ದರ್ಜೆಯಲ್ಲಿ ಮೂರು ವರ್ಷ ಆಡಿದವನು. ಅವನು ಸಾರಿಸಿದ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಸ್ಸಿನ ತನಕ ಬಿಡಲು ಬಂದವನು ಆ ತಂಡದ ಕಾರ್ಯದರ್ಶಿ, ಸಂತೋಷ ಎಂಬ ಯುವಕ. ಅವನ ಮುಖ ಸಣ್ಣದಾಗಿತ್ತು. "ನಮ್ಮಜ್ಜ ಹಾಗೆ. ಬೇಜಾರ್ ಮಾಡ್ಕಬೇಡಿ" ಎಂದ. ಆಮೇಲೆ ತಡೆಯಲಾರದೆ ಕೇಳಿದ: "ಅಲ್ಲ, ಇಷ್ಟು ತ್ರಾಸು ಇರೋರು ನಮ್ಮ ವಿಭಾಗಾನೇ ಬೇಕು ಅಂತ ಯಾಕೆ ಕೇಳ್ಕಂಡ್ರಿ?"

"ನಾವು ಕೇಳಿದ್ದಾ?" ಎಂದ ಜಟ್ಟ.

ಸಂತೋಷ ಚೀಲದಿಂದ ಮಂಡಳಿಯ ಕಾಗದಗಳನ್ನು ತೆಗೆದ. ನಿಯಮದ ಹಾಳೆ ಒಂದು. ಅದರ ಹಿಂದೆ ಅರ್ಜಿಯ ಝೆರಾಕ್ಸು. ವಿಶಾಲ ಎರಡನ್ನೂ ಓದಿ ಹೇಳಿದ. ಕೆಳಗಿಳಿದ ಎರಡು ತಂಡಗಳಿಗೆ ಹೆದ್ದಾರಿ ವಿಭಾಗದಲ್ಲಿ ಒಂದೇ ಜಾಗ ಇದ್ದರೆ, ಕಡಲಿಗೆ ಹತ್ತಿರ ಇರುವ ತಂಡಕ್ಕೆ ಆ ಜಾಗ. ದೂರದ್ದು ಹೊಳೆಸಾಲಿಗೆ. ಹತ್ತಿರದ ತಂಡ ತಾನಾಗಿ ಬರೆದು ಕೊಟ್ಟರೆ ಮಾತ್ರ ಅದಲುಬದಲು. ಆ ವರ್ಷ ಇಳಿದ ಇನ್ನೊಂದು ತಂಡದ ಊರು ಹೊಳೆಯ ಮೇಲ್ಗಡೆ ಇಪ್ಪತ್ತು ಕಿಲೋಮೀಟರ್ ದೂರ. ಅಲ್ಲಿಗೆ ಕಡಲ ಗಾಳಿಯೂ ತಲುಪುವುದಿಲ್ಲ. ಮಂಡಳಿಯ ಅಧ್ಯಕ್ಷ ರಮಾನಂದರ ಅಳಿಯ ಅದರ ಕಪ್ತಾನ. ಅದು ಈಗ ಹೆದ್ದಾರಿ ವಿಭಾಗದಲ್ಲಿತ್ತು.

ಅರ್ಜಿಯ ಕೆಳಗೆ ಜಟ್ಟನ ರುಜು. 'ಟ್ಟ' ಚೆನ್ನಾಗಿಯೇ ಬಂದಿತ್ತು.

"ಮಂಡಳಿಗೆ ಹೊಸ ಜಂಟಿ ಕಾರ್ಯದರ್ಶಿ ಆದ್ರಲ, ವಿಶ್ವನಾಥ ಮಾಸ್ತರು, ಅವರೇ ತಂದುಕೊಟ್ಟದ್ದು" ಎಂದ ಸಂತೋಷ.

ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಜಟ್ಟ ಕೈ ಮೂಸಿ ನೋಡಿಕೊಂಡ. ಸಗಣಿ ವಾಸನೆ. ಮೀನಿನ ವಾಸನೆಗೆ ಅವನು ಎಂದೂ ನಾಚಿದವನಲ್ಲ.

ಸೋಮವಾರ ಬೋಟಿಗೆ ಹೋದ. ಅವನ ಜಾಗದಲ್ಲಿ ಬೇರೆಯವನಿದ್ದ. ಅಲ್ಲಿಂದ ಹೊಳೆ ದಾಟಿ ನೇರ ಕರ್ಕಿಗೆ ನಡೆದ. ಮಾಸ್ತರರ ಮನೆಯ ಅಂಗಳದಲ್ಲಿ ನಿಂತು ಕೂಗಿದ. ಅವರು ಟವೆಲ್ಲು ಹೊದ್ದುಕೊಂಡು ಹೊರಗೆ ಬಂದರು. ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು.

"ಒಳಗೆ ಪೂಜೆ ನಡೀತಾ ಅದೆ ತಮಾ. ಇಲ್ಲೇ ಹೇಳು."

ಹನ್ನೆರಡು ವರ್ಷದಲ್ಲಿ ಆ ಬಾಗಿಲಿನ ಒಳಗೆ ಏನಿದೆ ಎಂದು ತಾನು ಒಮ್ಮೆಯೂ ಕಂಡಿಲ್ಲ ಎನ್ನುವುದು ಜಟ್ಟನಿಗೆ ಆಗ ಹೊಳೆಯಿತು. ಅವರು ಚಾ ಕುಡಿಯಲು ಬರುತ್ತಿದ್ದರು. ಕುಡಿಯಲು ಕರೆದಿರಲಿಲ್ಲ.

"ಹೊಳೆಸಾಲು ಅಂದ್ರೆ ಎಂತ ಅಂತ ನಿಮಗೆ ಗೊತ್ತಿತ್ತಾ ಮಾಸ್ತರೇ?"

ಮಾಸ್ತರರು ತುಳಸಿಕಟ್ಟೆಯ ಕಡೆ ನೋಡಿದರು. "ನೋಡು ಜಟ್ಟ. ಹೆದ್ದಾರಿಯ ತಂಡದವರು ಕುರ್ವೆಗೆ ಬರೂಕೆ ಒಪ್ಪಲಿಲ್ಲ. ಕಾಲಿಟ್ಟಲ್ಲೆಲ್ಲ ಒಣಮೀನು, ಊಟ ಮಾಡೂದು ಹ್ಯಾಂಗೆ ಅಂದ್ರು. ನಿಮ್ಮ ಸಂಘವನ್ನೇ ತೆಗೀರಿ ಅಂತ ಮಾತು ಬಂತು. ನಾನು ಮಧ್ಯೆ ಬಿದ್ದು ಉಳಸಿದೆ. ಹೊಳೆಸಾಲಿಗಾದ್ರೂ ಹಾಕುವ ಅಂದೆ."

"ಅದನ್ನ ನಮ್ಮ ಜಗಲಿಯಲ್ಲಿ ಹೇಳ್ಬೇಕಿತ್ತು."

"ನೀನೂ ಕೇಳಲಿಲ್ಲ. ಹೊಳೆಸಾಲು ಅಂದ್ರೆ ಎಂತ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

"ನಂಬಿದವ ಕೇಳ್ತನಾ?" ಎಂದ ಜಟ್ಟ. "ನಮ್ಮ ಕೇರಿ ಹೆಸರು ಹೊಳೆಸಾಲು ಅಂತ ನಿಮಗೆ ಗೊತ್ತು. ಸೋಮ ಚಪ್ಪಾಳೆ ಹೊಡದಾಗ ನೀವೂ ನಗಾಡಿದ್ರಿ. ನಾವು ತಪ್ಪು ತಿಳಕಂಡದ್ದು ನಿಮಗೆ ಕಾಣ್ತಿತ್ತು. ಕಂಡೂ ಪೆನ್ನು ಕೊಟ್ರಿ."

ಮಾಸ್ತರರು ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡರು. ಒಳಗಿನಿಂದ ಯಾರೋ ಕರೆದರು. ಅವರು ಹೋದರು.

ಆ ಚಳಿಗಾಲ ಕುರ್ವೆಯವರು ಮತ್ತೆ ಘಟ್ಟ ಹತ್ತಲಿಲ್ಲ. ಒಂದು ಆಟ ತಪ್ಪಿತು. ಎರಡು ತಪ್ಪಿತು. ಮೂರನೆಯದೂ ತಪ್ಪಿತು. ಇನ್ನು ಮಂಡಳಿ ಹೆಸರು ಅಳಿಸುವುದೊಂದೇ ಬಾಕಿ. ವಿಶಾಲ ಮಂಡಳಿಗೆ ಎರಡು ಪತ್ರ ಬರೆದ. ಉತ್ತರ ಬರಲಿಲ್ಲ. ಜಟ್ಟ ಎರಡು ತಿಂಗಳು ಐಸು ಒಡೆಯುವ ಕೆಲಸ ಮಾಡಿದ. ಬೆರಳು ಮರಗಟ್ಟಿ ಅನ್ನದ ತುತ್ತು ಹಿಡಿಯಲಾಗುತ್ತಿರಲಿಲ್ಲ. ಆಮೇಲೆ ಚೌಡನೇ ಕರೆದು ಬೋಟಿಗೆ ಹತ್ತಿಸಿಕೊಂಡ. ದುರ್ಗಮ್ಮ "ನಾ ಹೇಳಿದ್ದೆ" ಎಂದು ಒಂದು ಸಲವೂ ಹೇಳಲಿಲ್ಲ. ಬಾಯಿಗೆ ಬೀಗವಿಲ್ಲದವಳು ಸುಮ್ಮನಿದ್ದಳು. ಅದೇ ಜಟ್ಟನಿಗೆ ಹೆಚ್ಚು ಚುಚ್ಚಿತು.

ಜೂನ್ ಬಂತು. ಬೋಟು ದಡ ಹತ್ತಿತು. ಹೆದ್ದಾರಿ ವಿಭಾಗದ ಮೊದಲ ಆಟ ಹೊನ್ನಾವರದಲ್ಲಿ ಎಂದು ದುರ್ಗಮ್ಮ ಪೇಟೆಯಿಂದ ಸುದ್ದಿ ತಂದಳು. ಹೊಳೆಯ ಮೇಲ್ಗಡೆಯ ಆ ತಂಡಕ್ಕೂ ಕುಮಟೆಯ ಒಂದು ತಂಡಕ್ಕೂ ಆಟ. ಖಾಲಿ ಬುಟ್ಟಿಯನ್ನು ಮೂಲೆಗೆ ಬಿಸಾಕಿ ಅವಳು ಕೇಳಿದಳು:

"ಆ ಜಾಗ ಯಾರದು?"

"ನಮ್ಮದು" ಎಂದ ಜಟ್ಟ.

"ಮತ್ತೆ ಮನೆಯಲ್ಲಿ ಎಂತ ಮಾಡ್ತೆ?"

ಭಾನುವಾರ ಹನ್ನೊಂದೂ ಜನ ದೋಣಿ ಹತ್ತಿದರು. ಮಳೆಗಾಲವಲ್ಲವೇ, ಒಬ್ಬನೂ ಕಡಲಲ್ಲಿರಲಿಲ್ಲ. ಹಳೆಯ ನೀಲಿ ಬನಿಯನ್ನು ಹಾಕಿಕೊಂಡು, ಬರಿಗಾಲಲ್ಲಿ, ಆಟ ಶುರುವಾಗುವ ಮೊದಲೇ ಮೈದಾನಕ್ಕೆ ನುಗ್ಗಿ ತಮ್ಮ ತಮ್ಮ ಜಾಗದಲ್ಲಿ ನಿಂತುಬಿಟ್ಟರು. ವಿಶಾಲ ಗೋಲಿನ ಬಾಯಲ್ಲಿ. ಸೋಮ ಮುಂದೆ. ಜಟ್ಟ ನಡುವೆ. ಹೊಳೆಯ ಮೇಲ್ಗಡೆಯ ಬೂಟಿನವರು ಬಂದು ನೋಡಿದರೆ ತಾವು ನಿಲ್ಲಬೇಕಾದಲ್ಲಿ ಆಗಲೇ ಒಂದು ತಂಡ ನಿಂತಿದೆ. ರೆಫ್ರಿ ಸೀಟಿ ಊದಿದ. ಯಾರೂ ಕದಲಲಿಲ್ಲ. ಬೂಟಿನವನೊಬ್ಬ ಮೂಗು ಮುಚ್ಚಿಕೊಂಡು "ಮೀನ್ ಪ್ಯಾಟೆ ಅತ್ಲಾಗೆ" ಎಂದ. ಬೇಲಿಯ ಆಚೆ ಮೀನಿನ ಹೆಂಗಸರ ಜೊತೆ ನಿಂತಿದ್ದ ದುರ್ಗಮ್ಮ ಅಲ್ಲಿಂದಲೇ ಕೂಗಿದಳು: "ಹೌದಾ ಮಗನೇ? ಮೊನ್ನೆ ನಿನ್ನ ಸ್ವಾದರಮಾವ ಅದೇ ಪ್ಯಾಟಿಯಲ್ಲಿ ಬಂಗಡೆಗೆ ಚೌಕಾಶಿ ಮಾಡುವಾಗ ಮೂಗು ಎಲ್ಲಿಟ್ಟಿದ್ದ?" ಜನ ಹೋ ಎಂದು ನಕ್ಕರು.

ಅಧ್ಯಕ್ಷ ರಮಾನಂದರು ಪೆಂಡಾಲಿನಿಂದ ಏಳಲಿಲ್ಲ. ಕೈ ಸನ್ನೆ ಮಾಡಿದರು. ಕೊಡೆ ಹಿಡಿದು ಮೈದಾನಕ್ಕೆ ಬಂದವರು ವಿಶ್ವನಾಥ ಮಾಸ್ತರರು. ಅಂಗಿಯ ಮೇಲೆ ಮಂಡಳಿಯ ಬಿಲ್ಲೆ. ಕೈಯಲ್ಲಿ ಒಂದು ಹಾಳೆ.

"ಜಟ್ಟ, ಹಠ ಬ್ಯಾಡ. ಪೊಲೀಸರಿಗೆ ಹೇಳಿ ಕಳಸ್ತಾರೆ. ನಾನು ಮಾತಾಡಿ ಒಂದು ದಾರಿ ಮಾಡದ್ದೆ. ಇದಕ್ಕೊಂದು ರುಜು ಹಾಕು. ಸಂಘದ ಹೆಸರು ಅಳಸೂದಿಲ್ಲ, ಎರಡು ವರ್ಷ ಬಿಟ್ಟು ಮತ್ತೆ ತಕಳ್ತಾರೆ. ನನ್ನ ಮಾತು ಕೇಳು. ನಾ ನಿನಗೆ ಅಕ್ಷರ ಕಲಿಸಿದವ."

ಜಟ್ಟ ಹಾಳೆಗೆ ಕೈ ಚಾಚಲಿಲ್ಲ.

"ಓದಿ" ಎಂದ.

"ಎಂತದು?"

"ಓದಿ ಮಾಸ್ತರೇ. ನಂಗೆ ನನ್ನ ಹೆಸರು ಬಿಟ್ರೆ ಬ್ಯಾರೆ ಓದೂಕೆ ಬರೂದಿಲ್ಲ. ನೀವು ಕಲಸಿದ್ದು ಅಷ್ಟೇ. ಗಟ್ಟಿ ಓದಿ. ಅಲ್ಲಿ ಬೇಲಿ ತನಕ ಕೇಳ್ಬೇಕು. ಶಬ್ದ ಶಬ್ದಕ್ಕೂ ಅರ್ಥ ಹೇಳಿ."

ಮಾಸ್ತರರು ಪೆಂಡಾಲಿನ ಕಡೆ ನೋಡಿದರು. ಅಲ್ಲಿಂದ ಯಾರೂ ಏಳಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು. "ಮಾವಿನಕುರ್ವೆಯ ಅಳಿವೆ ಯುವಕ ಸಂಘದ ಸದಸ್ಯರಾದ ನಾವು..."

"ನಾವು. ಆತು. ಮುಂದೆ."

"...ನಾವು, ನಮ್ಮ ಸ್ವಖುಷಿಯಿಂದ..."

ಅಲ್ಲಿಗೆ ನಿಂತರು.

"ಅದರ ಅರ್ಥ ಎಂತ ಮಾಸ್ತರೇ?"

ಮಳೆ ಜೋರಾಯಿತು. ಬೂಟಿನವರು ಒಬ್ಬೊಬ್ಬರಾಗಿ ಪೆಂಡಾಲಿನ ಕೆಳಗೆ ಓಡಿದರು. ನೀಲಿ ಬನಿಯನ್ನಿನವರು ಓಡಲಿಲ್ಲ. ಸೋಮ ಹತ್ತಿರ ಬಂದು ನಿಂತ. ಕುಪ್ಪ ಬಂದ. ಗೋಲಿನ ಬಾಯಿ ಬಿಟ್ಟು ವಿಶಾಲ ಬಂದ. ಹನ್ನೊಂದು ಜನ ಸುತ್ತ ನಿಂತರು. ಯಾರೂ ಕೈ ಎತ್ತಲಿಲ್ಲ, ಯಾರೂ ಬೈಯಲಿಲ್ಲ.

"ಹೇಳಿ" ಎಂದ ಜಟ್ಟ. "ನೀವು ಹೇಳೂ ತನಕ ಇಲ್ಲೇ ನಿಲ್ತೇವು. ಪೊಲೀಸರು ಬಂದ್ರೆ ಅವ್ರಿಗೂ ಓದಿ ಹೇಳಿ. ನಮಗೆ ನೂಲಹುಣ್ಣಿಮೆ ತನಕ ಕೆಲಸ ಇಲ್ಲ."

ರೆಫ್ರಿ ಗಡಿಯಾರ ನೋಡಿದ. ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ.